ಹೆಬ್ಬಲಸಿನ ಹಲಗೆ

"ಗುರುಗಳೇ, ತಪ್ಪು ನನ್ನದಲ್ಲ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರಬೇಕೆ? ಅದನ್ನು ಮೊದಲು ಎಲ್ಲರಿಗೂ ತೋರಿಸಿಕೊಡುವುದು ನ್ಯಾಯವಲ್ಲವೆ?" ಎಂದು ಶಿಷ್ಯನೊಬ್ಬ ಕೇಳಿದ. ಅಂದು ಮಠದ ಅಡುಗೆಮನೆಯಲ್ಲಿ ಬಿಸಿ ಗಂಜಿಯ ಹಂಡೆ ಉರುಳಿ ಒಬ್ಬನ ಕಾಲು ಸುಟ್ಟಿತ್ತು. ಉರುಳಿಸಿದ್ದು ಯಾರೆಂಬ ಜಗಳ ಇನ್ನೂ ನಡೆದಿತ್ತು.

ಗುರುಗಳು ನಕ್ಕರು. "ಭಾರೀ ನ್ಯಾಯವಂತನಪ್ಪ ನೀನು. ಕೇಳು."

ಒಂದು ಹೊಳೆಯ ದಡದಲ್ಲಿ ಒಬ್ಬ ಬಡಗಿ ಇದ್ದ. ಸಣ್ಣ ದೋಣಿ ಕಟ್ಟುವುದು ಅವನ ಕಸುಬು. ಮರದ ವಿಷಯದಲ್ಲಿ ಮಹಾ ಹಟಮಾರಿ. ಬೂರುಗದಂಥ ಮೆದು ಮರ ತಂದವರನ್ನು ಬಾಗಿಲಿನಿಂದಲೇ ಅಟ್ಟುತ್ತಿದ್ದ. ಹಲಗೆಗೆ ಹೆಬ್ಬಲಸೇ ಆಗಬೇಕು. ಅದರಲ್ಲೂ ಹೊರಗಿನ ಬಿಳಿ ಭಾಗವನ್ನು ಕೆತ್ತಿ ಎಸೆದು, ಒಳಗಿನ ಗಟ್ಟಿ ಚೇಗನ್ನಷ್ಟೇ ಉಳಿಸಿಕೊಳ್ಳುತ್ತಿದ್ದ. ಪ್ರತಿ ಮರದ ಒಂದು ತುಂಡನ್ನು ಮಳೆಗಾಲವಿಡೀ ಹೊಳೆಯ ಕೆಸರಿನಲ್ಲಿ ಹೂತಿಟ್ಟು, ಆಮೇಲೆ ಉಳಿಯಿಂದ ಚುಚ್ಚಿ ನೋಡಿಯೇ ಕೆಲಸಕ್ಕೆ ಕೈಹಾಕುವುದು. ತಾನು ಕಟ್ಟಿದ ದೋಣಿ ಕೊಳೆಯುವುದಿಲ್ಲ ಎಂಬ ಜಂಬ ಅವನಿಗಿತ್ತು. ಜಂಬಪಡುವಂಥ ಕೆಲಸವೇ, ನಾನು ಇಲ್ಲವೆನ್ನುವುದಿಲ್ಲ.

ಒಬ್ಬ ಅಂಬಿಗ ಅವನಿಂದ ದೋಣಿ ಕಟ್ಟಿಸಿಕೊಂಡ. ಒಂದು ದಿನ ಹೊಳೆ ಏರಿತ್ತು. ತೇಲಿ ಬಂದ ದಿಮ್ಮಿ ಬಡಿದು ದೋಣಿ ನಡುನೀರಿನಲ್ಲಿ ಒಡೆಯಿತು. ಅಂಬಿಗ ಒಂದು ಬಂಡೆಯನ್ನು ತಬ್ಬಿ ಹಿಡಿದುಕೊಂಡ. ದೋಣಿಯ ಹಲಗೆಯೊಂದು ದಡಕ್ಕೆ ಬಂದು ಬಿತ್ತು. ಆ ದಡದಲ್ಲಿ ಇನ್ನುಳಿದದ್ದು ಒಂದೇ ದೋಣಿ, ಬಡಗಿ ಹೊಸದಾಗಿ ಕಟ್ಟಿ ಮುಗಿಸಿದ್ದು. ಅಂಬಿಗನ ಹೆಂಡತಿ ಬಡಗಿಯ ಬಳಿಗೆ ಓಡಿಬಂದಳು.

"ಅಣ್ಣಾ, ಎಂಥಾ ಕೊಳೆತ ಮರ ಹಾಕಿಬಿಟ್ಟಿರಿ! ಅವರಿನ್ನೂ ಬಂಡೆ ಹಿಡ್ಕೊಂಡಿದ್ದಾರೆ, ಬೇಗ ದೋಣಿ ಇಳಿಸಿ!"

ಬಡಗಿಗೆ ಸಿಡಿಲು ಬಡಿದಂತಾಯಿತು. ಅವಳು ಆಡಿದ ಎರಡು ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಮೊದಲನೆಯದೊಂದೇ. "ಕೊಳೆತ ಮರವೇ? ನನ್ನದೇ?" ಎನ್ನುತ್ತ ಹಲಗೆಯನ್ನು ಎಳೆದು ತಂದ. ಊರವರನ್ನೆಲ್ಲ ಕೂಗಿ ಕರೆದ. ಅವರ ಕಣ್ಣೆದುರೇ ಕೊಡಲಿಯಿಂದ ಅದನ್ನು ಸೀಳಿದ. "ಮುಟ್ಟಿ ನೋಡಿ, ಮೂಸಿ ನೋಡಿ. ಕೂದಲೆಳೆಯಷ್ಟು ಕೊಳೆತಿದ್ದರೆ ನನ್ನ ಕೈ ಕಡಿಯಿರಿ!" ಊರವರು ಬಗ್ಗಿ ಮುಟ್ಟಿದರು, ಮೂಸಿದರು, ಹೌದೆಂದು ತಲೆದೂಗಿದರು. ಅಪ್ಪಟ ಚೇಗು. ಬಡಗಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಎಲ್ಲರೂ ತಲೆಯೆತ್ತಿ ಹೊಳೆಯ ಕಡೆ ನೋಡಿದರು. ಬಂಡೆಯ ಮೇಲೆ ಯಾರೂ ಇರಲಿಲ್ಲ.

ಶಿಷ್ಯ ಬೆಚ್ಚಿಬಿದ್ದ. "ಅಯ್ಯೋ, ಅವನೆಂಥ ಮನುಷ್ಯ ಗುರುಗಳೇ! ಕಣ್ಣೆದುರು ಜೀವ ಹೋಗುತ್ತಿರುವಾಗ ಹಲಗೆ ಸೀಳುತ್ತ ನಿಂತನೆ?"

ಗುರುಗಳು ಹೇಳಿದರು: "ಯಾಕಪ್ಪಾ, ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ."