ಮೇದಪ್ಪನ ತೋಟಾ ಪೆಟ್ಟಿಗೆ

ಹೊಳೆದಂಡೆಯ ಆ ಆಶ್ರಮಕ್ಕೆ ಬಂದವರೆಲ್ಲ ಏನನ್ನಾದರೂ ಬಿಟ್ಟು ಬಂದವರೇ. ಒಬ್ಬ ಹೆಂಡ ಬಿಟ್ಟು ಬಂದಿದ್ದ, ಒಬ್ಬ ನೌಕರಿ, ಇನ್ನೊಬ್ಬ ಹೆಂಡತಿಯನ್ನು. ಕೊಡಗಿನ ಮೇದಪ್ಪ ಮಾತ್ರ ಪೆಟ್ಟಿಗೆ ಸಮೇತ ಬಂದಿದ್ದ.

ಬೀಟೆ ಮರದ ಪೆಟ್ಟಿಗೆ. ಒಳಗೆ ಕೋವಿಯ ತೋಟಾ ತುಂಬುವ ಸಾಮಾನು: ಹಿಡಿಯಿರುವ ಕಬ್ಬಿಣದ ಒತ್ತುಯಂತ್ರ, ಮದ್ದು ಅಳೆಯುವ ಹಿತ್ತಾಳೆ ಬಟ್ಟಲು, ಐವತ್ತು ಕುಳಿಗಳ ಮರದ ಹಲಗೆ, ಒಂದಷ್ಟು ಖಾಲಿ ಕೊಳವೆ. ಹಾರಿಸಿದ ತೋಟಾದ ಕೊಳವೆಗೆ ಮತ್ತೆ ಮದ್ದು, ಸೀಸದ ಚರೆ ತುಂಬಿ ಹೊಸದರಂತೆ ಮಾಡುವ ಕೆಲಸ ಅದು. ಒಂದು ಕಾಲದಲ್ಲಿ ಮೇದಪ್ಪ ತುಂಬಿದ ತೋಟಾ ಎಂದರೆ ಅವನ ಸೀಮೆಯಲ್ಲಿ ಯಾರೂ ಎರಡನೇ ಮಾತಾಡುತ್ತಿರಲಿಲ್ಲ.

ಹನ್ನೊಂದು ವರ್ಷದಿಂದ ಅವನು ಅದನ್ನು ಮುಟ್ಟಿರಲಿಲ್ಲ. ಆದರೂ ಅದು ಅವನ ಚಾಪೆಯ ತಲೆ ಕಡೆಯೇ ಇರುತ್ತಿತ್ತು.

ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಬಂದು ಕೂತ. ಪರ್ವತಯ್ಯ ಗುರುಗಳು ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಗುರುಗಳೇ, ಪೆಟ್ಟಿಗೆ ಕೊಂಡುಕೊಳ್ತೀನಿ ಅಂತ ಊರಿಂದ ಹೇಳಿ ಕಳಿಸಿದ್ದಾರೆ. ಮಾರಲೋ, ಇಟ್ಟುಕೊಳ್ಳಲೋ?"

"ಯಾರು ಕೇಳಿದ್ದು?"

"ದೇಚಮ್ಮ ಅಂತ, ನನ್ನ ಸ್ನೇಹಿತ ಉತ್ತಯ್ಯನ ಮಗಳು. ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯದಲ್ಲಿ ಮೂರು ವರ್ಷದಿಂದ ಅವಳದೇ ಗೆಲುವು. ತೋಟಾ ತಾನೇ ತುಂಬಿಕೊಳ್ತಾಳಂತೆ."

"ಉತ್ತಯ್ಯ ಏನಂತಾನೆ?"

"ಅವನಿಲ್ಲ. ಕೋವಿ ಸಿಡಿದು ತೀರಿಕೊಂಡ."

ಗುರುಗಳು ತಲೆ ಎತ್ತಲಿಲ್ಲ. ಇನ್ನೆರಡು ಬೀಜ ಬಿಡಿಸಿದರು.

"ಮಾರೋದಕ್ಕೆ ಏನಡ್ಡಿ?"

"ನಾಳೆ ಇದರಿಂದ ಯಾರದೋ ಪ್ರಾಣ ಹೋದರೆ ಪಾಪ ನನಗೇ ತಾನೇ?"

"ಹಾಗಾದರೆ ಇಟ್ಟುಕೋ."

"ಇಟ್ಟುಕೊಂಡರೆ ಇಷ್ಟು ದಿನ ಇಲ್ಲಿದ್ದೂ ಮೋಹ ಹೋಗಲಿಲ್ಲ ಅಂತಾಗುತ್ತೆ. ಹೊಳೆಗೆ ಹಾಕಿಬಿಡಲಾ?"

"ಹೊಳೆ ಕೇಳಿತಾ?"

ಮೇದಪ್ಪನಿಗೆ ಸಿಟ್ಟು ಬಂತು. ಗುರುಗಳು ಹೀಗೆ ಮಾತಿನಲ್ಲೇ ಕಟ್ಟಿಹಾಕಿದಾಗೆಲ್ಲ ಅವನಿಗೆ ಸಿಟ್ಟು ಬರುತ್ತಿತ್ತು. ಎದ್ದು ಹೋಗುವಷ್ಟು ಧೈರ್ಯ ಮಾತ್ರ ಬರುತ್ತಿರಲಿಲ್ಲ.

"ತೋಟಾ ತುಂಬೋದನ್ನ ನಾನು ನೋಡೇ ಇಲ್ಲ," ಎಂದರು ಗುರುಗಳು. "ತುಂಬಿ ತೋರಿಸು."

"ಮದ್ದಿಲ್ಲವಲ್ಲ."

"ರಾಗಿ ಇದೆ."

ಮೇದಪ್ಪ ಪೆಟ್ಟಿಗೆ ತಂದು ಬಿಚ್ಚಿದ. ಹಲಗೆಯ ಕುಳಿಗಳಲ್ಲಿ ಕೊಳವೆಗಳನ್ನು ನಿಲ್ಲಿಸಿದ. ಬಟ್ಟಲಲ್ಲಿ ರಾಗಿ ತೆಗೆದು, ಬೆರಳಿಂದ ಮಟ್ಟ ಮಾಡಿ, ಒಂದೊಂದಕ್ಕೂ ಒಂದೊಂದು ಅಳತೆ ಸುರಿಯತೊಡಗಿದ. ಮೊದಲೆರಡು ಸಲ ಕೈ ತಡವರಿಸಿತು. ಆಮೇಲೆ ಹಳೆಯ ಓಟ ಹಿಡಿಯಿತು. ಒಂದು ಕಾಳೂ ಹೊರಗೆ ಬೀಳಲಿಲ್ಲ. ಅವನಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಕೈ ನಿಲ್ಲಲಿಲ್ಲ.

ಅರ್ಧ ಹಲಗೆ ಮುಗಿದಿರಬೇಕು. ಗುರುಗಳು ಹಿತ್ತಲ ಕಡೆ ನೋಡಿ, "ಮೇದಪ್ಪ, ಕರು ಬಿಚ್ಚಿಕೊಂಡಿದೆ. ಪಾತಿಗೆ ನುಗ್ಗುತ್ತೆ, ಹಿಡಿ," ಎಂದರು.

ಅವನು ಓಡಿದ. ಕರು ನಿಜವಾಗಿಯೂ ಬಿಚ್ಚಿಕೊಂಡಿತ್ತು. ಬದನೆ ಗಿಡಗಳ ನಡುವೆ ಅವನನ್ನು ಚೆನ್ನಾಗಿ ಆಡಿಸಿ ಕೊನೆಗೆ ಕೈಗೆ ಸಿಕ್ಕಿತು.

ವಾಪಸು ಬಂದು ಹಲಗೆಯ ಮುಂದೆ ಕೂತವನು, ಯೋಚನೆಯೇ ಮಾಡದೆ, ತುಂಬಿದ ಕೊಳವೆಗಳನ್ನೆಲ್ಲ ಒಂದೊಂದಾಗಿ ಎತ್ತಿ ರಾಗಿಯನ್ನು ಡಬ್ಬಕ್ಕೆ ಸುರಿದ. ಎಲ್ಲ ಖಾಲಿ ಮಾಡಿ ಮೊದಲನೆಯದರಿಂದ ಶುರು ಮಾಡಿದ.

"ತುಂಬಿದ್ದನ್ನ ಯಾಕಪ್ಪ ಸುರಿದೆ?"

"ಅದು ಹಾಗೇ ಗುರುಗಳೇ. ನಡುವೆ ಎದ್ದು ಹೋದರೆ ಎಲ್ಲಾ ಸುರಿದು ಮೊದಲಿಂದ ತುಂಬಬೇಕು. ಎಲ್ಲಿವರೆಗೆ ಬಂದಿದ್ದೆ ಅನ್ನೋ ನೆನಪನ್ನ ನಂಬೋ ಹಾಗಿಲ್ಲ. ಒಂದಕ್ಕೇ ಎರಡು ಅಳತೆ ಬಿದ್ದರೆ..."

ಗುರುಗಳು ಈಗ ತಲೆ ಎತ್ತಿದರು.

"ಪ್ರತಿ ಸಲ ಸುರಿದಿದ್ದೀಯಾ?"

ಮೇದಪ್ಪ ಬಟ್ಟಲನ್ನು ಕೆಳಗಿಟ್ಟ. ಅವನ ಬೆರಳುಗಳಲ್ಲಿ ರಾಗಿ ಅಂಟಿತ್ತು. ಅದನ್ನು ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಒಂದು ಸಲ ಸುರೀಲಿಲ್ಲ."

ಅವನು ಹಲಗೆಯನ್ನು ಪಕ್ಕಕ್ಕೆ ಸರಿಸಿದ.

"ಕೈಲ್ ಮುಹೂರ್ತದ ದಿನ. ಕೋವಿಗೆ ಹೂವಿಟ್ಟು ಪೂಜೆ ಮಾಡೋ ಹಬ್ಬ ನಮ್ಮದು. ಮಧ್ಯಾಹ್ನ ಪಂದ್ಯ. ಅಂಗಳದಲ್ಲಿ ಹಲಗೆ ಮುಂದೆ ಕೂತಿದ್ದೆ. ನೆಂಟರು ಬಂದರು, ಎದ್ದೆ. ಮಾತಾಡಿ, ನಕ್ಕು ವಾಪಸು ಬಂದೆ. ಮೈದಾನದಿಂದ ಆಗಲೇ ಕೂಗ್ತಾ ಇದ್ರು, ಮೇದಪ್ಪ ಎಲ್ಲಿ, ತೋಟಾ ಎಲ್ಲಿ ಅಂತ. ಅಷ್ಟನ್ನೂ ಸುರಿದು ಮತ್ತೆ ತುಂಬಬೇಕಲ್ಲ ಅಂತ ಬೇಜಾರಾಯ್ತು. ನನ್ನ ಕೈಗೆ ಗೊತ್ತಿರುತ್ತೆ ಅಂದುಕೊಂಡೆ."

"ಉತ್ತಯ್ಯನ ಪಾಲಿಗೆ ಬಂದದ್ದು ಅದರಲ್ಲೊಂದು."

"ನಾನೇ ಆರಿಸಿ ಕೊಟ್ಟೆ. ಗೆದ್ದು ಬಾ ಅಂತ."

ಹಿತ್ತಲಲ್ಲಿ ಕರು ಕೂಗಿತು.

"ಕೋವಿ ನಳಿಗೆ ಬುಡದಲ್ಲೇ, ಮದ್ದು ಹೆಚ್ಚಾದಾಗ ಸಿಡಿಯೋ ಜಾಗದಲ್ಲೇ, ಸಿಡಿದಿತ್ತು. ಅದನ್ನ ನೋಡಿದ ಕೂಡಲೇ ನನಗೆ ಗೊತ್ತಾಯ್ತು. ಊರ ಹಿರಿಯರು ನನ್ನನ್ನೇ ಕೇಳಿದರು, ಏನಾಗಿದ್ದು ಅಂತ. ಕೋವಿ ವಿಷಯದಲ್ಲಿ ನನ್ನ ಮಾತೇ ಕೊನೆ. ನಳಿಗೆಯಲ್ಲಿ ಮಣ್ಣಿತ್ತು, ಅದಕ್ಕೇ ಸಿಡೀತು ಅಂದೆ. ಪೊಲೀಸರೂ ಅದನ್ನೇ ಬರೆದುಕೊಂಡರು. ಸಾವಾದರೆ ನಮ್ಮಲ್ಲಿ ಎರಡು ಗುಂಡು ಹಾರಿಸಿ ಊರಿಗೆ ತಿಳಿಸ್ತಾರೆ. ಆಪ್ತ ಸ್ನೇಹಿತ ನೀನೇ ಹಾರಿಸು ಅಂದರು. ಹಾರಿಸಿದೆ. ಅವೂ ನಾನು ತುಂಬಿದ್ದೇ."

ಬೈಯುತ್ತಾರೆ ಎಂದು ಮೇದಪ್ಪ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಬೆಳಿಗ್ಗೆ ಏನೋ ಕೇಳಿದೆಯಲ್ಲ ನೀನು?"

"ಪೆಟ್ಟಿಗೆ ಮಾರಲೋ, ಇಟ್ಟುಕೊಳ್ಳಲೋ ಅಂತ."

"ಕೇಳಬೇಕಾದ್ದು ಅದೇನಾ?"

ಗುರುಗಳು ಹುಣಸೆಹಣ್ಣಿನ ಮೊರ ಎತ್ತಿಕೊಂಡು ಒಳಗೆ ಹೋದರು.

ಮೂರನೇ ದಿನ ದೇಚಮ್ಮ ಬಂದಳು. ಮೂವತ್ತರ ಆಸುಪಾಸಿನ ಗಟ್ಟಿ ಹೆಣ್ಣು, ಜೀಪು ತಾನೇ ಓಡಿಸಿಕೊಂಡು ಬಂದಿದ್ದಳು. ಗುರುಗಳ ಕಾಲಿಗೆ ನಮಸ್ಕರಿಸಿ, ಅವರಿಗೂ ತಿಳಿಯಲಿ ಎಂದು ಕೊಡವ ಭಾಷೆ ಬಿಟ್ಟು ಕನ್ನಡದಲ್ಲೇ ಮಾತಾಡಿದಳು.

"ಮಾವ, ಪೆಟ್ಟಿಗೆ ಎಲ್ಲಿ? ಕತ್ತಲಾಗೋದರೊಳಗೆ ಮನೆ ಸೇರಬೇಕು."

ಈ ಮೂರು ದಿನದಲ್ಲಿ ಮೇದಪ್ಪ ಒಂದು ದಾರಿ ಹುಡುಕಿಕೊಂಡಿದ್ದ.

"ಕೊಡಲ್ಲ ಕಣಮ್ಮ. ಅದು ಹೆಣ್ಣುಮಕ್ಕಳ ಕೆಲಸ ಅಲ್ಲ."

ದೇಚಮ್ಮ ನಕ್ಕುಬಿಟ್ಟಳು. "ಮೂರು ವರ್ಷದಿಂದ ಗಂಡಸರ ಮುಂದಿನ ತೆಂಗಿನಕಾಯಿ ನಾನು ಒಡೀತಿದ್ದೀನಿ ಮಾವ. ಅದಾದರೆ ಹೆಣ್ಣುಮಕ್ಕಳ ಕೆಲಸಾನಾ?"

ಅವನು ನೆಲ ನೋಡಿದ. ಅವಳ ನಗು ಮೆಲ್ಲಗೆ ಇಳಿಯಿತು.

"ಅಪ್ಪನ ನೆನಪಾಗಿ ಹೆದರ್ತೀರಿ ಅಲ್ವಾ? ಹೆದರಬೇಡಿ. ನಳಿಗೆ ನಾನೇ ಒರೆಸಿಕೊಳ್ತೀನಿ. ಅಮ್ಮನ ಕೈಗೆ ಕೊಡಲ್ಲ."

"ಅಮ್ಮನ ಕೈಗೆ ಯಾಕೆ ಕೊಡಲ್ಲ?" ಎಂದು ಕೇಳಿದವರು ಗುರುಗಳು.

"ಅಪ್ಪನ ಕೋವಿ ಒರೆಸಿ ಇಡ್ತಾ ಇದ್ದದ್ದು ಅಮ್ಮ, ಸ್ವಾಮಿ. ಆವತ್ತೂ ಅವಳೇ ಒರೆಸಿ ಕೊಟ್ಟಿದ್ದು. ಮಣ್ಣಿತ್ತು ಅಂತ ಮಾವ ಹೇಳಿದ ಮೇಲೆ ಅಮ್ಮ ಅಮ್ಮನಾಗಿ ಉಳೀಲಿಲ್ಲ. ಹಬ್ಬದ ದಿನ ಎಲ್ಲರೂ ಕೋವಿಗೆ ಹೂವಿಡ್ತಾರೆ, ಅವಳು ಮುಟ್ಟಲ್ಲ. ಹಿಂಬಾಗಿಲಲ್ಲಿ ಕೂತು ಕೈ ನೋಡಿಕೊಳ್ತಾಳೆ. ಒರೆಸಿದ್ದೆ ಕಣೇ ಅಂತಾಳೆ. ಸ್ವಲ್ಪ ಹೊತ್ತಾದ ಮೇಲೆ, ಒರೆಸಿದ್ದೆನಾ ಅಂತ ನನ್ನನ್ನೇ ಕೇಳ್ತಾಳೆ."

ಮೇದಪ್ಪನಿಗೆ ಇದು ಗೊತ್ತಿರಲಿಲ್ಲ. ತನ್ನ ಸುಳ್ಳು ಸತ್ತವನ ಮೇಲೆ ಬಿತ್ತು, ಸತ್ತವನಿಗೇನು ನೋವು ಎಂದು ಅವನು ಹನ್ನೊಂದು ವರ್ಷ ಸಮಾಧಾನ ಮಾಡಿಕೊಂಡಿದ್ದ. ಅದು ಬದುಕಿರುವವಳ ಮೇಲೆ ಬಿದ್ದು, ದಿನಾ ಬೀಳುತ್ತಲೇ ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಜಗಲಿಯ ಕಂಬ ಹಿಡಿದುಕೊಂಡ.

"ದೇಚು, ನಳಿಗೆಯಲ್ಲಿ ಮಣ್ಣಿರಲಿಲ್ಲ."

"ಏನು?"

"ನಿನ್ನಮ್ಮ ಬೊಳ್ಳಮ್ಮ ಚೆನ್ನಾಗೇ ಒರೆಸಿದ್ದಳು. ತೋಟಾದಲ್ಲಿ ಎರಡು ಅಳತೆ ಮದ್ದಿತ್ತು. ತುಂಬಿದ್ದು ನಾನು. ನನಗೆ ಆವತ್ತೇ ಗೊತ್ತಿತ್ತು."

ಅವಳು ಕೂಗಾಡಲಿಲ್ಲ. ಜೀಪಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದಳು.

"ಆಶ್ರಮ ಸೇರೋವರೆಗೂ ಅಪ್ಪನ ತಿಥಿಗೆ ಪ್ರತಿ ವರ್ಷ ಬರ್ತಿದ್ರಲ್ಲ ಮಾವ."

"ಬರ್ತಿದ್ದೆ."

"ಏನೂ ತೋರಿಸಿಕೊಳ್ಳದೆ ಅಮ್ಮನೇ ಬಡಿಸ್ತಿದ್ದಳು."

"ಹೌದು."

"ಊಟ ಸೇರ್ತಿತ್ತಾ?"

ಮೇದಪ್ಪ ಕಂಬದ ಕಡೆಗೆ ಮುಖ ತಿರುಗಿಸಿದ. ಸೇರುತ್ತಿತ್ತು. ಅದೇ ನಿಜ. ಎರಡನೇ ಸಲ ಅನ್ನ ಹಾಕಿಸಿಕೊಂಡ ನೆನಪೂ ಅವನಿಗಿತ್ತು.

ದೇಚಮ್ಮ ತಿರುಗಿ ಮೆಟ್ಟಿಲಿಳಿದು ಹೋಗಿ ಜೀಪಿನಲ್ಲಿ ಕೂತಳು. ಗಾಡಿ ಚಾಲು ಮಾಡಲಿಲ್ಲ. ಹೋಗಲೂ ಇಲ್ಲ, ಇತ್ತ ನೋಡಲೂ ಇಲ್ಲ. ಪಕ್ಕದ ಸೀಟಿನ ಬಾಗಿಲು ತೆರೆದೇ ಇತ್ತು.

ಮೇದಪ್ಪ ಒಳಗೆ ಓಡಿಹೋಗಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಬಂದ.

"ಕೊಟ್ಟುಬಿಡ್ತೀನಿ ಗುರುಗಳೇ. ಸುಮ್ಮನೇ ಕೊಡ್ತೀನಿ, ಮಾರೋದಲ್ಲ. ಅವಳು ಇದನ್ನ ತಗೊಂಡು ಹೋಗಲಿ. ಒಡೆದು ಹಾಕಲಿ, ಸುಡಲಿ, ಏನಾದರೂ ಮಾಡಲಿ. ನನ್ನನ್ನ ಅಲ್ಲಿಗೆ ಕಳಿಸಬೇಡಿ. ಬೊಳ್ಳಮ್ಮನ ಮುಂದೆ ನಿಲ್ಲೋದು ನನ್ನ ಕೈಲಾಗಲ್ಲ."

ಗುರುಗಳು ಎದ್ದು ಅವನ ಹತ್ತಿರ ಬಂದರು. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಪೆಟ್ಟಿಗೆ ಭಾರವಿತ್ತು. ಅದನ್ನು ಜಗಲಿಯ ಮೇಲಿಟ್ಟು ಕಾಲಿಂದ ಗೋಡೆಯ ಬದಿಗೆ ನೂಕಿದರು.

"ಇದನ್ನ ಏನು ಮಾಡಬೇಕು ಅಂತ ಆ ತಾಯಿ ಹೇಳಲಿ, ಹಾಗೇ ಮಾಡೋಣ. ಹನ್ನೊಂದು ವರ್ಷದಿಂದ ಆಕೆ ತನ್ನ ಕೈಯನ್ನೇ ನೋಡಿಕೊಂಡು ಕೂತಿದ್ದಾಳೆ. ಹೋಗು ಮೇದಪ್ಪ, ಇವತ್ತು ನಿನ್ನ ಕೈ ನೋಡಲಿ."