ಕೆನ್ನೆಗೆ ತಾಗಿಸಿದ ಗಡಿಗೆ

“ಗುರುಗಳೇ, ಎದುರಾಳಿಯ ಜೊತೆ ಕೈಜೋಡಿಸಬಹುದೇ?” ಎಂದು ಎಣ್ಣೆ ವ್ಯಾಪಾರಿ ಚನ್ನವೀರ ಕೇಳಿದ.

ದೂರದ ಪೇಟೆಗೆ ಎಣ್ಣೆ ಸಾಗಿಸಲು ಅವನೊಬ್ಬನ ಬಂಡಿಗಳು ಸಾಲುತ್ತಿರಲಿಲ್ಲ. ಇಬ್ಬರೂ ಸೇರಿ ಸಾಗಿಸೋಣವೆಂದು ಎದುರಂಗಡಿಯವನು ಹೇಳಿಕಳಿಸಿದ್ದ. ಒಲ್ಲೆನೆಂದರೆ ಆ ಪೇಟೆ ಕೈತಪ್ಪುತ್ತದೆ. ಹೂಂ ಎಂದರೆ ತನ್ನ ಗಿರಾಕಿಗಳ ಗುಟ್ಟೆಲ್ಲ ಅವನಿಗೆ ತಿಳಿಯುತ್ತದೆ. ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಆ ಮನುಷ್ಯ ತನ್ನನ್ನು ಮುಳುಗಿಸದೆ ಬಿಡುವವನಲ್ಲ ಎಂದೇ ಚನ್ನವೀರನಿಗೆ ಭಯ.

ಗುರುಗಳು ನಕ್ಕರು. ಅವರು ಯಾವುದಕ್ಕೂ ನೆಟ್ಟಗೆ ಉತ್ತರ ಕೊಟ್ಟವರೇ ಅಲ್ಲ. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಇಬ್ಬರು ಕುಂಬಾರರು. ಒಬ್ಬ ಮೇಲಿನ ಕೇರಿಯವನು, ಇನ್ನೊಬ್ಬ ಕೆಳಗಿನ ಕೇರಿಯವನು. ಒಂದೇ ಸಂತೆಯಲ್ಲಿ ಎದುರುಬದುರು ಕೂತು ಮಾರುವವರು, ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ಸೌದೆ ಸಿಗದ ಒಂದು ವರ್ಷ ಇಬ್ಬರೂ ಹಟ ಬಿಟ್ಟು ಒಂದೇ ಆವಿಗೆಯಲ್ಲಿ ಗಡಿಗೆ ಸುಡತೊಡಗಿದರು. ಮಣ್ಣು ಅವರವರದು, ಗಿರಾಕಿ ಅವರವರದು. ಬೆಂಕಿ ಮಾತ್ರ ಇಬ್ಬರದು.

ಆವಿಗೆಗೆ ಇಡುವ ಮುನ್ನ ಕುಂಬಾರ ಗಡಿಗೆಯನ್ನು ಕೆನ್ನೆಗೆ ತಾಗಿಸಿ ನೋಡುತ್ತಾನೆ. ತಣ್ಣಗಿದ್ದರೆ ಇನ್ನೂ ಹಸಿ ಎಂದರ್ಥ. ಹಸಿ ಗಡಿಗೆ ಬೆಂಕಿಯಲ್ಲಿ ಸಿಡಿಯುತ್ತದೆ, ಸುತ್ತಲಿನವನ್ನೂ ಒಡೆಯುತ್ತದೆ. ಮೊದಮೊದಲು ಒಬ್ಬನ ಗಡಿಗೆಯನ್ನು ಇನ್ನೊಬ್ಬ ತಪ್ಪದೆ ಹೀಗೆ ನೋಡುತ್ತಿದ್ದ. ಸೌದೆ ಅರ್ಧಕ್ಕರ್ಧ ಉಳಿಯಿತು. ಒಬ್ಬನಿಂದಾಗದ ದೊಡ್ಡ ಕೆಲಸಗಳು ಹುಡುಕಿಕೊಂಡು ಬಂದವು. ಸಲುಗೆ ಬೆಳೆಯಿತು. ಆಮೇಲೆ ಪರೀಕ್ಷೆ ಮಾಡಲು ಇಬ್ಬರಿಗೂ ಸಂಕೋಚ. ಅವನೇನು ಅಂದುಕೊಂಡಾನೋ ಎಂದು ಇವನು, ಇವನೇನು ಅಂದುಕೊಂಡಾನೋ ಎಂದು ಅವನು, ಬಿಟ್ಟೇಬಿಟ್ಟರು.

ಒಂದು ಮದುವೆಗೆ ನೂರಾರು ಗಡಿಗೆ ಬೇಕಾದವು. ವಾರವೆಲ್ಲ ಮೋಡ. ಬೆಂಕಿ ಇಟ್ಟ ಸ್ವಲ್ಪ ಹೊತ್ತಿಗೇ ಆವಿಗೆಯೊಳಗೆ ಪಟಪಟ ಸದ್ದಾಯಿತು. ಮೇಲಿನ ಕೇರಿಯವನು ಕೆಂಡಾಮಂಡಲವಾದ. ಹೊಟ್ಟೆಕಿಚ್ಚಿಗೆ ಹಸಿ ಗಡಿಗೆ ಇಟ್ಟು ನನ್ನ ಬಾಯಿಗೆ ಮಣ್ಣು ಹಾಕಿದೆ ಎಂದು ಊರಿಗೆಲ್ಲ ಕೇಳುವಂತೆ ಕೆಳಗಿನ ಕೇರಿಯವನನ್ನು ಬೈದ. ಅವನು ಬೈಗುಳ ಕೇಳುತ್ತಲೇ ಬೆಂಕಿ ತಗ್ಗಿಸತೊಡಗಿದ. ಆವಿಗೆ ಆರಿದ ಮೇಲೆ ಇಬ್ಬರೂ ಚೂರುಗಳನ್ನು ಹೆಕ್ಕಿದರು. ಸಿಡಿದ ಗಡಿಗೆಯ ಕಂಠದಲ್ಲಿ ಅದನ್ನು ಮಾಡಿದವನ ಗುರುತು ಹಾಗೇ ಉಳಿದಿತ್ತು. ಇಬ್ಬರೂ ಅದನ್ನು ನೋಡಿದರು.

ಮುಂದಿನ ಸಲವೂ ಇಬ್ಬರ ಗಡಿಗೆಗಳು ಅದೇ ಆವಿಗೆಯಲ್ಲಿ ಬೆಂದವು. ಆದರೆ ಅಂದಿನಿಂದ ಒಬ್ಬನ ಗಡಿಗೆ ಇನ್ನೊಬ್ಬನ ಕೆನ್ನೆಗೆ ತಾಗದೆ ಒಳಗೆ ಹೋಗಲಿಲ್ಲ.

ಚನ್ನವೀರನ ಮುಖ ಅರಳಿತು. ಎದುರಂಗಡಿಯವನಿಗೆ ಏನು ಹೇಳಿಕಳಿಸಬೇಕೆಂಬುದು ಅವನಿಗೆ ಹೊಳೆದಿತ್ತು.

“ತಿಳಿಯಿತು ಗುರುಗಳೇ. ಆದರೂ ಹಸಿ ಗಡಿಗೆ ಇಟ್ಟವನ ಜೊತೆ ಮತ್ತೆ ಸೇರಬೇಕಾದರೆ ಆ ಮೇಲಿನ ಕೇರಿಯವನದು ಬಹಳ ದೊಡ್ಡ ಮನಸ್ಸು,” ಎಂದು ಏಳಹೊರಟ.

“ದೊಡ್ಡ ಮನಸ್ಸು ಕೆಳಗಿನ ಕೇರಿಯವನದಪ್ಪ, ಹಸಿ ಗಡಿಗೆ ಮೇಲಿನ ಕೇರಿಯವನದು,” ಎಂದರು ಗುರುಗಳು.