ಕೊಕ್ಕರೆಯ ಎಡರೆಕ್ಕೆ

ತುಂಗಭದ್ರೆಯ ದಡದಲ್ಲಿ ಮೌನೇಶಾಚಾರ್ಯರ ಶೆಡ್ಡು. ಊರೂರಿನ ವೃತ್ತಗಳಲ್ಲಿ, ಸೇತುವೆಗಳ ತುದಿಯಲ್ಲಿ ನಿಲ್ಲುವ ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಶಿಲ್ಪಗಳು ಅಲ್ಲಿ ತಯಾರಾಗುತ್ತಿದ್ದವು.

ನೀಲಗಂಗಾ ಅವರ ಶಿಷ್ಯೆ. ಎಂಜಿನಿಯರಿಂಗ್ ಓದಿದ್ದು ಬೇರೆಲ್ಲೋ, ವೆಲ್ಡಿಂಗ್ ಕಲಿತದ್ದು ಇಲ್ಲಿ. ಗುರುಗಳ ಕೈ ನಡುಗತೊಡಗಿದ ಮೇಲೆ ಬೆಸುಗೆಯ ಟಾರ್ಚು ಅವಳ ಕೈಗೆ ಬಂದಿತ್ತು.

ಆ ವರ್ಷ ಹೊಳೆಯ ಸ್ನಾನಘಟ್ಟಕ್ಕೆಂದು ಒಂದು ಕೊಕ್ಕರೆ ಮಾಡುತ್ತಿದ್ದರು. ಮನೆಗಿಂತ ಎತ್ತರದ ಹಕ್ಕಿ, ಅಗಲಕ್ಕೆ ಚಾಚಿದ ರೆಕ್ಕೆ. ಘಟ್ಟಕ್ಕೆ ಬಂದವರಿಗೆ ಒಂದಿಷ್ಟು ನೆರಳೂ ಆಗಲಿ ಎಂಬುದು ಊರಿನವರ ಆಸೆ.

ಆ ಕೊಕ್ಕರೆ ಇಡೀ ಬೇಸಿಗೆಯನ್ನು ನುಂಗಿತು. ನೀಲಗಂಗಾ ಎಡರೆಕ್ಕೆಯೊಳಗೆ ತೂರಿ, ಅಂಗಾತ ಮಲಗಿ, ಪಕ್ಕೆಲುಬಿನಂಥ ಪಟ್ಟಿಗಳನ್ನು ನಡುವಿನ ತೊಲೆಗೆ ಬೆಸೆಯುತ್ತಿದ್ದಳು. ಒಳಗೆ ಒಲೆಯ ಕಾವು. ರೆಕ್ಕೆಯ ಬುಡದ ಕೊನೆಯ ಪಟ್ಟಿಗೆ ಬರುವಷ್ಟರಲ್ಲಿ ತೋಳು ಮೇಲೇಳಲಿಲ್ಲ. ಸದ್ಯಕ್ಕೆ ನಿಲ್ಲಲಿ ಎಂದು ಅಲ್ಲಲ್ಲಿ ಚುಕ್ಕೆಯಷ್ಟು ಟ್ಯಾಕ್ ಬೆಸುಗೆ ಹಾಕಿ ಹೊರಗೆ ಬಂದಳು. ನಾಳೆ ಪೂರ್ತಿ ಬೆಸೆದರಾಯಿತು ಅಂದುಕೊಂಡಳು.

ಬೆಳಗಾದರೆ ತಗಡು ಹೊದಿಸುವವರು ಬಂದು ನಿಂತಿದ್ದರು. ಅವಳು ಬಾಯಿ ಬಿಡಲಿಲ್ಲ. ತಗಡು ಆ ಪಟ್ಟಿಯನ್ನು ಮುಚ್ಚಿತು.

ಆಮೇಲೆ ಪಾಲಿಶ್. ಗ್ರೈಂಡರಿನ ಒರಟು ಬಿಲ್ಲೆ, ನಯವಾದ ಬಿಲ್ಲೆ, ಕೊನೆಗೆ ಬಟ್ಟೆ. ರೆಕ್ಕೆಯಲ್ಲಿ ಹೊಳೆ ಹರಿಯುವುದು ಕಾಣುವ ತನಕ ಉಜ್ಜಿದಳು. ಉಳಿದೆಲ್ಲ ಕಡೆಗಿಂತ ಎಡರೆಕ್ಕೆಯ ಬುಡವನ್ನೇ ಹೆಚ್ಚು ಉಜ್ಜಿದಳು.

ಒಂದು ಸಂಜೆ ಕೇಳಿದಳು: "ಗುರುಗಳೆ, ಈ ದಣಿವು ಹೋಗೋದು ಯಾವಾಗ?"

"ನಿದ್ದೆ ಮಾಡು ತಾಯಿ."

"ಮಾಡ್ತೀನಿ. ಎದ್ದರೂ ಹಾಗೇ ಇರುತ್ತೆ."

"ಹಾಗಾದರೆ ಅದು ಮೈಯದಲ್ಲ," ಎಂದರು ಗುರುಗಳು.

ಸಾಗಿಸುವ ಮೊದಲು ಕೊಕ್ಕರೆಯನ್ನು ಅಂಗಳದಲ್ಲಿ ಜೋಡಿಸಿ ನೋಡಿದರು. ರೆಕ್ಕೆಗಳ ಕೆಳಗೆ ಕೊಟ್ಟಿದ್ದ ಜಾಕಿಗಳನ್ನು ತೆಗೆದರು. ರೆಕ್ಕೆಗಳು ಅಲುಗದೆ ನಿಂತವು. ಕೆಲಸದವರು ಚಪ್ಪಾಳೆ ತಟ್ಟಿ ಊಟಕ್ಕೆ ಹೋದರು.

ಗುರುಗಳು ಉಂಡು ಬಂದು, ಎಡರೆಕ್ಕೆಯ ಕೆಳಗೆ ಚಾಪೆ ಹಾಸಿ ಮಲಗಿದರು. ಹೊಳೆಯ ಕಡೆಯಿಂದ ಗಾಳಿ ಎದ್ದಿತು.

ನೀಲಗಂಗಾ ಓಡಿ ಬಂದಳು.

"ಗುರುಗಳೆ, ಅಲ್ಲಿ ಮಲಗಬೇಡಿ."

"ಯಾಕೆ? ನೆರಳು ಚೆನ್ನಾಗಿದೆ."

"ಒಳಗೆ ಬನ್ನಿ. ಮಂಚದ ಮೇಲೆ ಹಾಸಿಕೊಡ್ತೀನಿ."

"ಒಳಗೆ ಸೆಕೆ. ಇಲ್ಲಿ ಗಾಳಿ ಬರುತ್ತೆ."

"ಗಾಳಿ ಬರುತ್ತೆ ಅಂತಲೇ ಹೇಳ್ತಿದೀನಿ!"

ಗುರುಗಳು ಕಣ್ಣು ತೆರೆದರು. ಅವಳು ಅಲ್ಲೇ ನೆಲದ ಮೇಲೆ ಕೂತಳು.

"ಬುಡದ ಪಟ್ಟಿಗೆ ಬರೀ ಟ್ಯಾಕ್ ಇದೆ. ಪೂರ್ತಿ ಬೆಸೆದಿಲ್ಲ. ಅವತ್ತು ನನ್ನ ಕೈಲಾಗಲಿಲ್ಲ."

"ಈಗ ಬೀಳುತ್ತಾ?"

"ಈಗ ಬೀಳಲ್ಲ. ಗಾಳಿ ಅಲುಗಿಸಿ ಅಲುಗಿಸಿ ಬಿರುಕು ಬಿಡಬೇಕು. ಯಾವತ್ತು ಅಂತ ಹೇಳೋಕಾಗಲ್ಲ."

"ಈಗ ಬೀಳದಿದ್ದರೆ ನನ್ನನ್ನೇಕೆ ಎಬ್ಬಿಸಿದೆ?"

ಅವಳು ಘಟ್ಟದ ಕಡೆ ನೋಡಿದಳು. ಬಟ್ಟೆ ಒಗೆದು ಮುಗಿಸಿದ ಹೆಂಗಸರು ಸೆರಗನ್ನು ತಲೆಯ ಮೇಲೆಳೆದುಕೊಂಡು ಬಿಸಿಲಿನಲ್ಲಿ ಕೂತಿದ್ದರು.

ಗುರುಗಳ ಕಡೆ ತಿರುಗಿ ಕೇಳಿದಳು: "ನಿಮಗೆ ಮೊದಲೇ ಗೊತ್ತಿತ್ತಾ?"

"ನನಗೆ ನಿದ್ದೆ ಬಂದಿತ್ತು," ಎಂದು ಗುರುಗಳು ಚಾಪೆ ಸುತ್ತಿದರು.

ರೆಕ್ಕೆ ಕೊಯ್ದು ಮತ್ತೆ ಬೆಸೆಯುತ್ತಾರೆಂಬ ಸುದ್ದಿ ತಿಳಿದು ಘಟ್ಟದ ಸಮಿತಿಯ ಅಧ್ಯಕ್ಷರು ಬಂದರು. ಹೆಸರು ಬಸಲಿಂಗಪ್ಪ, ಮಾತು ಒರಟು.

"ಉದ್ಘಾಟನೆಯ ಕರೆಯೋಲೆ ಹಂಚಿಯಾಗಿದೆ ಆಚಾರ್ರೆ. ಇಷ್ಟು ಚಂದ ಇರೋದನ್ನ ಈಗ ಕೊಯ್ತೀರಾ? ಕನ್ನಡಿ ಹಂಗಿದೆ!"

ಗುರುಗಳು ಶಿಷ್ಯೆಯ ಕಡೆ ನೋಡಿದರು.

"ತಪ್ಪು ನನ್ನದು," ಎಂದಳು ನೀಲಗಂಗಾ. "ಕನ್ನಡಿ ಹಿಂದೆ ಕೆಲಸ ಆಗಿಲ್ಲ. ದಿನ ಮುಂದಕ್ಕೆ ಹಾಕಿ."

ಬಸಲಿಂಗಪ್ಪ ಬೈದುಕೊಂಡೇ ಹೋದರು. ಆದರೆ ದಿನ ಮುಂದಕ್ಕೆ ಹಾಕಿದರು.

ಜಾಕಿಗಳು ಮತ್ತೆ ರೆಕ್ಕೆಯ ಕೆಳಗೆ ಬಂದವು. ತಾನೇ ಉಜ್ಜಿ ಹೊಳೆಯಿಸಿದ ತಗಡಿಗೆ ಗ್ರೈಂಡರ್ ಇಡುವಾಗ ಅವಳ ಕಣ್ಣು ತುಂಬಿತು. ಕಿಟಕಿಯಷ್ಟು ಕೊಯ್ದು, ಭುಜದ ತನಕ ಒಳಗೆ ಹೋಗಿ ಬೆಸೆಯತೊಡಗಿದಳು. ಒಳಗೆ ಅದೇ ಕಾವು, ಅದೇ ನೋಯುವ ತೋಳು. ಮುಖದ ಕವಚ ಎತ್ತಿ ಬೆಸುಗೆ ನೋಡುವಾಗಲೆಲ್ಲ ಗುರುಗಳು ಹೊರಗಿನಿಂದ ದೀಪ ಹಿಡಿಯುತ್ತಿದ್ದರು. ಅವರ ಕೈ ನಡುಗುತ್ತಿತ್ತು, ಬೆಳಕೂ ನಡುಗುತ್ತಿತ್ತು.

"ನೀವು ಕೂತ್ಕೊಳ್ಳಿ. ದಣಿದಿದ್ದೀರಿ."

"ದಣಿದಿದ್ದೀನಿ," ಎಂದರು ಗುರುಗಳು. ದೀಪ ಇಳಿಸಲಿಲ್ಲ.

ಕೊಯ್ದ ತಗಡನ್ನು ಮತ್ತೆ ಕೂರಿಸಿ ಬೆಸೆದಾಗ, ಕಾವಿಗೆ ಅದು ತುಸು ಎಳೆದುಕೊಂಡು ಸೊಟ್ಟಗಾಯಿತು. ತಟ್ಟಿದಳು, ಉಜ್ಜಿದಳು, ಮತ್ತೆ ತಟ್ಟಿದಳು. ಇನ್ನೂ ಉಜ್ಜಿದರೆ ತಗಡೇ ಸವೆಯುತ್ತಿತ್ತು. ಅಲ್ಲಿಗೆ ನಿಲ್ಲಿಸಿದಳು.

ಕೊಕ್ಕರೆ ಘಟ್ಟ ಸೇರಿತು. ಮಾರನೆಯ ಬೆಳಿಗ್ಗೆ ಗುರುಶಿಷ್ಯರಿಬ್ಬರೂ ಮೆಟ್ಟಿಲ ಮೇಲೆ ನಿಂತು ನೋಡಿದರು. ರೆಕ್ಕೆಯ ಉದ್ದಕ್ಕೂ ಹೊಳೆಯ ಬಿಂಬ ನೇರವಾಗಿ ಹರಿಯುತ್ತಿತ್ತು. ಬುಡದ ಹತ್ತಿರ ಮಾತ್ರ ಸೊಟ್ಟಗಾಗುತ್ತಿತ್ತು.

"ಎಷ್ಟು ಮಾಡಿದರೂ ಆ ತೇಪೆ ಅಡಗಲಿಲ್ಲ ಗುರುಗಳೆ. ಬಂದವರೆಲ್ಲ ಮೊದಲು ಅದನ್ನೇ ನೋಡ್ತಾರೆ."

ಗುರುಗಳು ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು.

"ನೋಡಲಿ ಬಿಡು ತಾಯಿ," ಎಂದರು. "ರೆಕ್ಕೆಯ ಕೆಳಗೆ ಕೂತು ನೋಡಲಿ."